ಹೊಸ ಬ್ಲಾಂಕೆಟ್ ಊರಿಗೆ, ಹಳೆಯದು ನಮಗೆ

ರಜೆಗೆ ಊರಿಗೆ ಹೊರಟವರ ಲಗೇಜಿನಲ್ಲಿ ಬೇರೇನಿಲ್ಲದಿದ್ದರೂ ಒಂದು ಬ್ಲಾಂಕೆಟ್ ಇದ್ದೇ ಇರುತ್ತದೆ. ಜಿಪ್ ಇರುವ ಪ್ಲಾಸ್ಟಿಕ್ ಚೀಲ, ಒಳಗೆ ದೊಡ್ಡ ಗುಲಾಬಿ ಹೂವೋ ಹುಲಿಯ ಚಿತ್ರವೋ, ಮುಟ್ಟಿದರೆ ಬೆಕ್ಕಿನ ಮೈಯಷ್ಟು ನುಣುಪು. ಗಲ್ಫಿನಲ್ಲಿದ್ದಷ್ಟು ವರ್ಷ ನಾವೂ ಒಯ್ದವರೇ. ಎರಡು ಪದರದ್ದಾದರೆ ಅದೊಂದೇ ಐದಾರು ಕಿಲೋ ತೂಗುತ್ತದೆ. ವಿಮಾನ ನಿಲ್ದಾಣದ ತಕ್ಕಡಿಯ ಮುಂದೆ ಹಾಲಿನ ಪುಡಿ ತೆಗೆಯುವುದೋ ಬ್ಲಾಂಕೆಟ್ ತೆಗೆಯುವುದೋ ಎಂಬ ಚರ್ಚೆ ಬಂದಾಗ ಹಾಲಿನ ಪುಡಿಯೇ ಸೋಲುವುದನ್ನು ಎಷ್ಟು ಸಲ ನೋಡಿದ್ದೇವೋ!

ಕಳೆದ ಸಂಚಿಕೆಯ ಅಂಕಣ ಓದಿದ ಹಿರಿಯರೊಬ್ಬರು ಫೋನು ಮಾಡಿ ಕೇಳಿದರು: "ಮಗಳು ಓದಲಿಕ್ಕೆ ಅಮೆರಿಕಕ್ಕೆ ಹೊರಟಿದ್ದಾಳೆ, ನೀವಿರುವ ಕಡೆಗೇ. ಅಲ್ಲಿ ಭಾರೀ ಚಳಿಯಂತೆ. ಇಲ್ಲಿಂದ ಎರಡು ಬ್ಲಾಂಕೆಟ್ ಕಟ್ಟಿಕೊಡುವುದಾ?" ಈ ಸಲದ ಅಂಕಣ ಅವರ ಪ್ರಶ್ನೆಗೆ ಉತ್ತರ, ಆದರೆ ಅಲ್ಲಿಗೇ ನಿಲ್ಲುವುದಿಲ್ಲ.

ನಾವಿರುವುದು ಸಿಯಾಟಲ್ ಪಕ್ಕದ ರೆಡ್‌ಮಂಡ್ ಊರಿನ ಎಜುಕೇಶನ್ ಹಿಲ್ ಎಂಬ ಗುಡ್ಡದ ಮೇಲೆ. ಹೈಸ್ಕೂಲಿನಿಂದ ಹಿಡಿದು ಸಣ್ಣ ಮಕ್ಕಳ ಶಾಲೆಯವರೆಗೆ ಎಲ್ಲವೂ ಇಲ್ಲೇ ಇರುವುದರಿಂದ ಹೆಸರಿಗೆ ತಕ್ಕ ಗುಡ್ಡ. 1986ರಲ್ಲಿ ಮೈಕ್ರೋಸಾಫ್ಟ್ ರೆಡ್‌ಮಂಡ್‌ಗೆ ಬಂದ ಮೇಲೆ ನಮ್ಮವರೂ ಸುತ್ತಮುತ್ತ ನೆಲೆಸಿದರು. ಅಕ್ಟೋಬರಿಗೆ ಹಿಡಿದ ಮಳೆ ಏಪ್ರಿಲ್‌ವರೆಗೆ ಬಿಟ್ಟೂ ಬಿಡದೆ ಸುರಿಯುತ್ತದೆ. ಡಿಸೆಂಬರಿನಲ್ಲಿ ಸಂಜೆ ನಾಲ್ಕೂವರೆಯೊಳಗೆ ಸೂರ್ಯ ಮುಳುಗಿ, ರಾತ್ರಿ ಎರಡು ಮೂರು ಡಿಗ್ರಿಗೆ ಇಳಿಯುತ್ತದೆ. ಆದರೆ ಅದು ಹೊರಗಿನ ಲೆಕ್ಕ. ಮನೆಯೊಳಗೆ ಹೀಟರ್ ಇರುತ್ತದೆ, ಹದಿನೆಂಟು ಇಪ್ಪತ್ತು ಡಿಗ್ರಿ ಎಲ್ಲಿಗೂ ಹೋಗುವುದಿಲ್ಲ. ನಿಮ್ಮ ರೂಮಿನ ಎ.ಸಿ. ಅದಕ್ಕಿಂತ ತಣ್ಣಗಿದ್ದರೂ ಆಶ್ಚರ್ಯವಿಲ್ಲ! ಐದು ಕಿಲೋ ಪಾಲಿಯೆಸ್ಟರ್ ಹೊದ್ದರೆ ಇಲ್ಲಿ ನಡುರಾತ್ರಿ ಬೆವೆತು ಏಳಬೇಕಾಗುತ್ತದೆ. ಬೇಸಿಗೆಯಲ್ಲಂತೂ ಕೇಳುವುದೇ ಬೇಡ. 2021ರ ಜೂನ್ 28ರಂದು ಸಿಯಾಟಲ್‌ನಲ್ಲಿ 42 ಡಿಗ್ರಿ ದಾಟಿತು. ಇಲ್ಲಿ ಎ.ಸಿ. ಇಲ್ಲದ ಮನೆಗಳೇ ಎಷ್ಟೋ. ಆ ರಾತ್ರಿ ತೆಳು ಹತ್ತಿ ಬಟ್ಟೆಯೂ ಭಾರವೇ.

ಹಾಗಾಗಿ ಮಗಳಿಗೆ ಬ್ಲಾಂಕೆಟ್ ಬೇಡ. ಎರಡು ಒಳ್ಳೆಯ ಹತ್ತಿಯ ಬೆಡ್‌ಶೀಟ್ ಕೊಡಿ, ಕಂಫರ್ಟರ್ ಇಲ್ಲೇ ಕೊಳ್ಳಲಿ. ಅಳತೆಯೂ ಬೇರೆ. ಇಲ್ಲಿನ ಕ್ವೀನ್ ಮಂಚ 60 ಇಂಚು ಅಗಲ, 80 ಇಂಚು ಉದ್ದ. ಕಿಂಗ್ 76 ಇಂಚು ಅಗಲ. ಗಲ್ಫಿನಲ್ಲಿ ಕಿಂಗ್ ಎಂದು ಮಾರುವ 180 ಸೆಂಟಿಮೀಟರಿನ ಎಲಾಸ್ಟಿಕ್ ಹಾಸು ಇಲ್ಲಿನ ಕಿಂಗ್‌ಗೆ ಸಾಲುವುದಿಲ್ಲ, ಕ್ವೀನ್‌ಗೆ ಜೋತು ಬೀಳುತ್ತದೆ. ಎಲಾಸ್ಟಿಕ್ ಇಲ್ಲದ್ದಾದರೆ ಎಲ್ಲಕ್ಕೂ ಒಗ್ಗುತ್ತದೆ.

ಇಲ್ಲಿಯವರು ಹಾಸಿಗೆ ಸಿಂಗರಿಸುವ ರೀತಿ ನಮ್ಮವರಿಗೆ ಮೊದಲು ತಮಾಷೆ ಎನಿಸುತ್ತದೆ. ಕೆಳಗೊಂದು ಎಲಾಸ್ಟಿಕ್ ಹಾಸು, ಅದರ ಮೇಲೆ ಕಾಲ ಬಳಿ ಗಾದಿಯ ಕೆಳಗೆ ಸಿಕ್ಕಿಸಿದ ಇನ್ನೊಂದು ಶೀಟು, ಅದರ ಮೇಲೆ ಕಂಫರ್ಟರ್, ತಲೆದಿಂಬಲ್ಲದೆ ಅಂದಕ್ಕೆಂದೇ ನಾಲ್ಕೈದು ದಿಂಬು. ಊರಿಂದ ಬಂದ ಅತ್ತೆ ಮೊದಲ ರಾತ್ರಿ ಒಂದನ್ನೂ ಅಲುಗಿಸದೆ, ಎಲ್ಲದರ ಮೇಲೆ ಮುದುರಿಕೊಂಡು, ತಮ್ಮ ಶಾಲನ್ನೇ ಹೊದ್ದು ಮಲಗಿದ್ದರು. "ಅಷ್ಟು ಚಂದ ಮಾಡಿದ್ದನ್ನು ಕೆಡಿಸುವುದು ಹೇಗೆ?" ಎಂದರು. ಮರುದಿನ ಆ ದಿಂಬುಗಳೆಲ್ಲ ಅಟ್ಟ ಸೇರಿದವು. ಮಲಗುವವರಿಗೆ ಮುಟ್ಟಲು ಹೆದರಿಕೆ ಹುಟ್ಟಿಸುವ ಅಂದ ಯಾಕೆ ಬೇಕು?

ಅಂದ ಬೇಡವೆಂದಲ್ಲ. ಹೊರಗೆ ಆರು ತಿಂಗಳು ಬೂದು ಬಣ್ಣವನ್ನೇ ನೋಡುವಾಗ ಒಳಗೆ ಬಣ್ಣ ಬೇಕೇ ಬೇಕು. ಅದಕ್ಕೆ ಅತ್ತೆ ತಂದ ಕೌದಿಯನ್ನು ಹಾಸಿಗೆಯ ಮೇಲೆ ಹರಡಿದ್ದೇವೆ. ಹಳೆ ಸೀರೆಗಳ ಪದರ, ಮೇಲೆ ಬಣ್ಣಬಣ್ಣದ ತುಂಡು, ಅಂಗುಲಕ್ಕೆ ಅಂಗುಲ ಕೈಹೊಲಿಗೆ. ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ ಕಡೆಯ ಸಿದ್ದಿ ಹೆಂಗಸರು ಹೊಲಿಯುವ ಕೌದಿ ಇನ್ನೂ ಸೊಗಸು. ಅಂಚಿನಿಂದ ಶುರುಮಾಡಿ ನಡುವಿಗೆ ಹೊಲಿಯುತ್ತಾ ಬರುತ್ತಾರೆ, ಮೂಲೆಗಳಲ್ಲಿ ಮಡಿಸಿದ ಬಟ್ಟೆಯ ಹೂವಿಡುತ್ತಾರೆ. ಹೂವಿಲ್ಲದಿದ್ದರೆ ಕೌದಿ ಬೆತ್ತಲೆ ಎಂದು ಅವರ ಭಾವನೆ. ಕೌದಿಯನ್ನು ಮಾತ್ರ ಮಷಿನ್ನಿಗೆ ಹಾಕಬೇಡಿ. ಬಕೆಟ್ಟಿನಲ್ಲಿ ನೆನೆಸಿ, ಹಿಂಡದೆ, ಬಿಸಿಲಿಗೆ ಹರಡಿ.

ಉಣ್ಣೆಯ ವಿಷಯಕ್ಕೆ ಬಂದರೆ ಈ ಸೀಮೆಯಲ್ಲಿ ಪೆಂಡಲ್‌ಟನ್ ಎಂಬ ಕಂಪನಿಯ ಹೊದಿಕೆಗೆ ದೊಡ್ಡ ಹೆಸರು. 1909ರಿಂದ ಪಕ್ಕದ ಆರೆಗಾನ್ ರಾಜ್ಯದಲ್ಲಿ ನೇಯುತ್ತಿದ್ದಾರೆ. ಇಲ್ಲಿನ ಮೂಲನಿವಾಸಿಗಳು ಮದುವೆಗೆ, ಗೌರವಿಸುವುದಕ್ಕೆ ಅದನ್ನೇ ಹೊದಿಸುತ್ತಾರೆ. ಕೇಳಿದಾಗ ನಮಗೆ ನೆನಪಾದದ್ದು ಚಳ್ಳಕೆರೆಯ ಕಂಬಳಿ, ಕುರುಬರ ಕಂಬಳಿ ಗದ್ದುಗೆ. ಹುಣಸೆ ಬೀಜದ ಗಂಜಿ ಹಾಕಿ ನೇಯ್ದ ಆ ಒರಟು ಕಂಬಳಿಯನ್ನು ಮಲೆನಾಡಿನಲ್ಲಿ ಕೊಪ್ಪೆ ಮಾಡಿಕೊಂಡು ಜಡಿಮಳೆಯಲ್ಲಿ ಗದ್ದೆಗಿಳಿಯುತ್ತಿದ್ದರು. ಉಣ್ಣೆ ಒಳ್ಳೆಯಷ್ಟು ತೇವ ಹೀರಿಕೊಂಡರೂ ಒದ್ದೆ ಎನಿಸುವುದಿಲ್ಲ, ಬೆಚ್ಚಗೂ ಇಡುತ್ತದೆ. ಪಾಲಿಯೆಸ್ಟರಿಗೆ ಆ ಗುಣವಿಲ್ಲ, ಬೆವರು ಮೈಗೇ ಉಳಿಯುತ್ತದೆ.

ಇನ್ನು ನಿಮ್ಮ ಹಾಸಿಗೆಯ ಮಾತು. ಇದನ್ನು ಬರೆಯಲೆಂದೇ ಉಳಿದದ್ದನ್ನೆಲ್ಲ ಬರೆದೆವು ಎಂದರೂ ಸರಿ. ಹೊಸ ಬ್ಲಾಂಕೆಟ್ ಊರಿಗೆ ಹೋಗುತ್ತದೆ. ಕೊಂಡವನು ಮಾತ್ರ ಕ್ಯಾಂಪಿನಲ್ಲಿ ಕಂಪನಿ ಕೊಟ್ಟದ್ದನ್ನೋ, ಎಕ್ಸಿಟ್ ಹೊಡೆದು ಹೋದವನು ಬಿಟ್ಟದ್ದನ್ನೋ ಹೊದ್ದು ಮಲಗುತ್ತಾನೆ. ಎಂಟು ಜನರ ರೂಮಿನಲ್ಲಿ ಎ.ಸಿ.ಯ ರಿಮೋಟು ಒಬ್ಬನ ಕೈಯಲ್ಲಿ; ಮೇಲಿನ ಮಂಚದವನ ಮುಖಕ್ಕೇ ಗಾಳಿ. ಬೆಳಿಗ್ಗೆ ನಾಲ್ಕಕ್ಕೆ ಎದ್ದು ಬಸ್ಸು ಹಿಡಿದು ಬಿಸಿಲಲ್ಲಿ ದುಡಿಯುವವನಿಗೆ ಆರು ಗಂಟೆ ನಿದ್ದೆ ಸರಿಯಾಗಿ ಸಿಗದಿದ್ದರೆ ಕೆಲಸದಲ್ಲಿ ಕೈಕಾಲಿಗೇ ಅಪಾಯ. ಅವನಿಗೆ ದುಬಾರಿಯದೇನೂ ಬೇಡ. ಎರಡು ಹತ್ತಿಯ ಬೆಡ್‌ಶೀಟ್, ಒಂದು ಹಗುರ ಬ್ಲಾಂಕೆಟ್ ಸಾಕು, ಆದರೆ ಅವು ಅವನವೇ ಆಗಿರಬೇಕು. ಅಂಗಡಿಯಲ್ಲಿ ಸಾವಿರ ಥ್ರೆಡ್ ಕೌಂಟ್ ಎಂದು ಬರೆದದ್ದಕ್ಕೆ ಮರುಳಾಗಬೇಡಿ. ಹಲವು ಎಳೆಯ ನೂಲನ್ನು ಒಂದೊಂದಾಗಿ ಎಣಿಸಿ ಅಂಕಿ ಏರಿಸುವುದುಂಟು. ಇನ್ನೂರರಿಂದ ನಾನೂರರೊಳಗಿನ ಅಪ್ಪಟ ಹತ್ತಿ ತೊಳೆದಷ್ಟೂ ಮೆತ್ತಗಾಗುತ್ತದೆ. ಬಿಟ್ಟುಹೋದವರ ಹೊದಿಕೆ ಹೊದೆಯಲೇಬೇಕಾದರೆ ಮೊದಲು 60 ಡಿಗ್ರಿ ಬಿಸಿನೀರಿನಲ್ಲಿ ತೊಳೆಸಿ. ತಿಗಣೆ, ಅದರ ಮೊಟ್ಟೆ ಎರಡೂ ಸಾಯುತ್ತವೆ.

ಮಂಚದ ಸುತ್ತ ಪರದೆಯಂತೆ ಕಟ್ಟುವ ಬೆಡ್‌ಶೀಟಿನ ಬಗ್ಗೆಯೂ ಹೇಳಬೇಕು. ಅಷ್ಟು ಜನರ ನಡುವೆ ನಿಮಗಿರುವ ಗೋಡೆ ಅದೊಂದೇ. ಅದರ ಹಿಂದೆ ಕುಳಿತೇ ಹೆಂಡತಿಯೊಡನೆ ವಿಡಿಯೋ ಮಾತು, ಮಗುವಿನ ಮೊದಲ ಹೆಜ್ಜೆ ನೋಡುವುದು. ಹಾಗಿರುವಾಗ ಸಿಕ್ಕಿದ ಬಟ್ಟೆ ಯಾಕೆ? ಇಷ್ಟದ ಬಣ್ಣದ್ದನ್ನು ಆರಿಸಿ. ಹತ್ತಿಯದೇ ಇರಲಿ, ಬೆಂಕಿ ತಗುಲಿದರೆ ಪಾಲಿಯೆಸ್ಟರ್ ಕರಗಿ ಮೈಗೆ ಅಂಟುತ್ತದೆ. ಹತ್ತಿಯೂ ಉರಿಯುವುದೇ, ಆದ್ದರಿಂದ ಚಾರ್ಜರ್, ಪ್ಲಗ್ ಪಾಯಿಂಟುಗಳಿಂದ ದೂರ ಕಟ್ಟಿ.

ಊರಿಗೆ ಒಯ್ಯುವುದನ್ನು ಬಿಡಿ ಎನ್ನುವುದಿಲ್ಲ, ಬಿಟ್ಟರೆ ಮನೆಯಲ್ಲಿ ಯಾರು ಕೇಳುತ್ತಾರೆ! ಮಡಿಕೇರಿ, ಚಿಕ್ಕಮಗಳೂರು, ಬೀದರ ಕಡೆಯವರಿಗೆ ದಪ್ಪ ಬ್ಲಾಂಕೆಟ್ ಚಳಿಗಾಲದಲ್ಲಿ ಉಪಯೋಗಕ್ಕೆ ಬರುತ್ತದೆ. ಕಾರವಾರದಿಂದ ಕಾಸರಗೋಡಿನವರೆಗೆ ಜನವರಿಯ ರಾತ್ರಿಯೂ 20 ಡಿಗ್ರಿಯ ಆಸುಪಾಸು. ಅಲ್ಲಿ ಅದು ನುಸಿಗುಳಿಗೆಯ ಜೊತೆ ಕಪಾಟಿನಲ್ಲೇ ಇರುತ್ತದೆ, ನೆಂಟರು ಬಂದಾಗ ಹೊರಬರುತ್ತದೆ. ಒದ್ದೆಯಾದರೆ ಅಮ್ಮನ ಕೈಯಲ್ಲಿ ಎತ್ತಲಿಕ್ಕಾಗದು, ಮಳೆಗಾಲದಲ್ಲಿ ಒಣಗಿಸುವ ಜಾಗವೂ ಇಲ್ಲ. ಅಮ್ಮನಿಗೆ ಸೊಲ್ಲಾಪುರದ ಹತ್ತಿ ಚಾದರವೇ ಮೇಲು. ಅದು ಊರಲ್ಲೇ ಸಿಗುತ್ತದೆ, ಹಣ ಕಳಿಸಿದರೆ ಸಾಕು. ತಕ್ಕಡಿಯಲ್ಲಿ ಉಳಿದ ಐದು ಕಿಲೋಗೆ ಹಾಲಿನ ಪುಡಿ ಹಾಕಿ.