ಆಕಾಶದ ಬದುವೂ ಬದುವೇ

ಮಾಗಡಿ ತಾಲ್ಲೂಕಿನ ಗುಡೇಮಾರನಹಳ್ಳಿಯಂಥ ಊರಲ್ಲಿ ರಾಗಿ ಹೊಲದ ಬದುವನ್ನು ಒಂದು ಗೇಣು ಒತ್ತಿದರೂ ಪಂಚಾಯ್ತಿ ಸೇರುತ್ತದೆ. ಸರಪಳಿ ಹಿಡಿದು ಆ ಬದು ಅಳೆಯುತ್ತಿದ್ದ ಸರ್ವೆಯವರ ಕೈಗೆ ಈಗ ರೋವರ್ ಬಂದಿದೆ. ಅದು ನಂಬುವುದು ಉಪಗ್ರಹದ ಸಂಕೇತವನ್ನು. ಆ ಸಂಕೇತಕ್ಕೂ ಒಂದು ಬದುವಿದೆ. ಅದನ್ನು ಒತ್ತಿದರೆ ಯಾವ ಪಂಚಾಯ್ತಿ?

ಇಪ್ಪತ್ತು ಸಾವಿರ ಕಿಲೋಮೀಟರಿಗೂ ಎತ್ತರದಿಂದ ಬರುವ ಜಿಪಿಎಸ್ ಸಂಕೇತ, ನೆಲ ಮುಟ್ಟುವಾಗ ಒಂದು ವ್ಯಾಟಿನ ಕೋಟಿ ಕೋಟಿ ಪಾಲಿನಲ್ಲಿ ಒಂದು ಪಾಲಿಗಿಂತಲೂ ಕಡಿಮೆ. ಪಕ್ಕದ ತರಂಗಾಂತರದಲ್ಲಿ ಮೊಬೈಲ್ ಟವರ್ ಎದ್ದರೆ, ಜಾತ್ರೆಯ ಮೈಕಿನ ಪಕ್ಕ ನಿಂತು ಅಜ್ಜಿಯ ಪಿಸುಮಾತು ಕೇಳಿಸಿಕೊಂಡಂತೆ.

ಮಾಗಡಿಗೆ ಬಹಳ ದೂರವಲ್ಲದ ಬ್ಯಾಲಾಳಿನಲ್ಲಿ ಇಸ್ರೋ 2008ರಲ್ಲಿ 32 ಮೀಟರ್ ಆಂಟೆನಾ ನಿಲ್ಲಿಸಿತು. ಬಟ್ಟಲಿನಂಥ ಆ ತಗ್ಗು ಹೊರಗಿನ ರೇಡಿಯೋ ಗದ್ದಲವನ್ನು ತಡೆಯುತ್ತದೆ. 2013ರಲ್ಲಿ ನಮ್ಮದೇ ನಾವಿಕ್ ವ್ಯವಸ್ಥೆಯ ಕೇಂದ್ರವೂ ಅಲ್ಲೇ ಬಂತು. ಸರಿ, ಕೇಂದ್ರಕ್ಕೆ ಬಟ್ಟಲು ಸಿಕ್ಕಿತು. ಬಯಲಲ್ಲಿ ನಿಂತ ರೋವರಿಗೆ ಗುಡ್ಡದ ಮರೆ ಎಲ್ಲಿಂದ ತರೋಣ? ಅದಕ್ಕಿರುವ ಮರೆ ಕಾನೂನೊಂದೇ.

ನಾವಿಕ್‌ನ ಎರಡನೆಯ ದಾರಿಯಾದ ಎಸ್ ಬ್ಯಾಂಡನ್ನೇ ನೋಡಿ. ಅದು 2483.5ರಿಂದ 2500 ಮೆಗಾಹರ್ಟ್ಸ್. ವೈಫೈ ಪಟ್ಟಿ ಮುಗಿಯುವುದು ಸರಿಯಾಗಿ 2483.5ಕ್ಕೆ. 2500 ದಾಟಿದರೆ ಮೊಬೈಲಿನ ಪಟ್ಟಿ. ಎರಡು ಗದ್ದಲದ ಮನೆಗಳ ನಡುವಿನ ಓಣಿ ಅದು. ಇಂದಿನ ಫೋನುಗಳು ಬೇರೆ ಪಟ್ಟಿಗಳನ್ನು ಕೇಳುವುದರಿಂದ ಯಾರಿಗೂ ಇದರ ಚಿಂತೆಯಿಲ್ಲ.

ಅಮೆರಿಕದಲ್ಲಿ ಚಿಂತೆ ಬಂತು. ಜಿಪಿಎಸ್ ಪಕ್ಕದ ಪಟ್ಟಿಯಲ್ಲಿ ನೆಲದ ಜಾಲ ಕಟ್ಟಲು ಲೈಟ್‌ಸ್ಕ್ವೇರ್ ಕಂಪನಿ ಹೊರಟಾಗ, 2011ರ ಪರೀಕ್ಷೆಗಳಲ್ಲಿ ರಿಸೀವರುಗಳು ಕಿವುಡಾದವು. 2012ರಲ್ಲಿ ಯೋಜನೆ ನಿಂತಿತು. ಆದರೆ ಅದೇ ಕಂಪನಿ ಲಿಗಾಡೋ ಎಂಬ ಹೆಸರಲ್ಲಿ ಮರಳಿ ಬಂದು, ರಕ್ಷಣಾ ಇಲಾಖೆಯ ವಿರೋಧದ ನಡುವೆಯೂ 2020ರಲ್ಲಿ ಷರತ್ತಿನ ಒಪ್ಪಿಗೆ ಪಡೆಯಿತು. ‘ನಾವು ನಮ್ಮ ಜಾಗದಲ್ಲೇ ಇದ್ದೇವೆ, ನಿಮ್ಮ ರಿಸೀವರೇ ಬೇಲಿಯಾಚೆ ಕಿವಿಗೊಡುತ್ತಿದೆ’ ಎನ್ನುವುದು ಅವರ ವಾದದ ಸಾರ. ಇದರಲ್ಲಿ ಅರ್ಧ ನಿಜವಿದೆ. ಅಗ್ಗದ ರಿಸೀವರಿನ ಸೋಸುವಿಕೆ ಕಳಪೆಯೇ. ಆದರೆ ಆಮೇಲೆ ಬಂದು ಮೈಕು ಕಟ್ಟಿದವನು, ಮೊದಲಿಂದ ಇದ್ದವನಿಗೆ ಹೊಸ ಕಿವಿ ಕೊಂಡುಕೋ ಎನ್ನುವುದು ಯಾವ ನ್ಯಾಯ?

ತರಂಗಾಂತರ ಹರಾಜಿಗಿಡುವ ಸರ್ಕಾರವೇ ಅದರ ಬೇಲಿಯೂ ಹೌದು. ಹರಾಜಿನ ಹಣದಾಸೆಗೆ ಬೇಲಿಯೇ ಎದ್ದು ಹೊಲ ಮೇಯಬಾರದು. ಮೊದಲು ಹೊಲದಲ್ಲೇ ಪರೀಕ್ಷೆಯಾಗಲಿ, ನಡುವೆ ಖಾಲಿ ಪಟ್ಟಿ ಉಳಿಯಲಿ, ತೊಂದರೆಯಾದರೆ ಖರ್ಚು ಗದ್ದಲ ಮಾಡಿದವರದಾಗಲಿ. ಇಲ್ಲದಿದ್ದರೆ ರೋವರಿನ ತೆರೆಯ ಮೇಲೆ ಬದು ಸರಿದೀತು; ಅಣ್ಣತಮ್ಮಂದಿರು ಒಬ್ಬರನ್ನೊಬ್ಬರು ದೂರುತ್ತ ಕೋರ್ಟಿಗೆ ಅಲೆದಾರು. ಒತ್ತಿದವನು ಮಾತ್ರ ಯಾರ ಕಣ್ಣಿಗೂ ಬೀಳಲಾರ.