ಹಾಲಿನ ಯಂತ್ರ ಕೊಳ್ಳುವಾಗ ಒಳಗಿನ ಚಿಪ್ ವಿಚಾರಿಸಿ



ಹಿಲ್ಲೂರಿನ ಕಡೆಯ ಕೊಟ್ಟಿಗೆಗಳಿಗೆ ನಾನು ಬರುವುದು ದನದ ಕೆಲಸಕ್ಕೆ. ಗರ್ಭ ಪರೀಕ್ಷೆಗೆ, ಲಸಿಕೆಗೆ, ಕೆಚ್ಚಲು ಬಾವಿಗೆ. ಆದರೆ ಕೆಲಸ ಮುಗಿಸಿ ಕೈ ತೊಳೆಯುವಾಗ ನೀವು ಕೇಳುವುದು ಹೆಚ್ಚಾಗಿ ಬೇರೆಯೇ: "ಡಾಕ್ಟ್ರೇ, ಸಂಘದ ಮಷಿನ್ ಫ್ಯಾಟ್ ಸಮಾ ತೋರಿಸ್ತದ್ಯಾ?" ಮೇವು, ತಳಿಯಷ್ಟೇ ನಿಮ್ಮ ಬಟವಾಡೆಗೆ ಸಂಬಂಧಪಟ್ಟ ಪ್ರಶ್ನೆ ಇದು. ಹಾಗಾಗಿ ಈ ಸಲ ರೋಗದ ಮಾತು ಸ್ವಲ್ಪ ಹಿಂದಿರಲಿ.

ಸಂಘದ ಮೇಜಿನ ಮೇಲಿರುವ ಯಂತ್ರ ಹಾಲಿನೊಳಗೆ ನಮ್ಮ ಕಿವಿಗೆ ಕೇಳದ ಧ್ವನಿಯ ಅಲೆ ಹಾಯಿಸುತ್ತದೆ. ಜಿಡ್ಡು, ಘನಾಂಶ ಹೆಚ್ಚು ಕಡಿಮೆಯಾದಂತೆ ಆ ಅಲೆಯ ವೇಗ ಬದಲಾಗುತ್ತದೆ. ಹಾಲನ್ನು ಬಿಸಿ ಮಾಡಿ ಬೇರೆ ಬೇರೆ ಉಷ್ಣತೆಯಲ್ಲಿ ಅಳೆದು, ಒಳಗಿನ ಲೆಕ್ಕದ ಪ್ರಕಾರ ಫ್ಯಾಟ್, ಎಸ್‌ಎನ್‌ಎಫ್ ತೋರಿಸುತ್ತದೆ. ಹಳೆಯ ಗರ್ಬರ್ ಪರೀಕ್ಷೆಯಲ್ಲಿ ಹಾಗಲ್ಲ. 10 ಮಿ.ಲೀ. ಗಂಧಕಾಮ್ಲ, 10.75 ಮಿ.ಲೀ. ಹಾಲು, 1 ಮಿ.ಲೀ. ಅಮೈಲ್ ಆಲ್ಕೊಹಾಲ್ ಹಾಕಿ ತಿರುಗಿಸಿದರೆ ಜಿಡ್ಡೇ ಮೇಲೆ ಬಂದು ಕಣ್ಣಿಗೆ ಕಾಣುತ್ತದೆ. ಯಂತ್ರಕ್ಕೆ ಜಿಡ್ಡು ಕಾಣುವುದಿಲ್ಲ, ಅದು ಲೆಕ್ಕ ಹಾಕುತ್ತದೆ. ಆ ಲೆಕ್ಕ ಕುಳಿತಿರುವುದು ಒಂದು ಚಿಪ್‌ನಲ್ಲಿ.

ಮೊದಲೆಲ್ಲ ಲೆಕ್ಕಕ್ಕೊಂದು, ನೆನಪಿಗೊಂದು, ಅಂಕಿ ತೋರಿಸುವ ಪರದೆಗೊಂದು ಎಂದು ಬಿಡಿ ಬಿಡಿ ಚಿಪ್‌ಗಳಿರುತ್ತಿದ್ದವು. ಈಗ ಹೆಚ್ಚಿನದೆಲ್ಲ ಒಂದೇ ಚಿಪ್‌ನೊಳಗೆ ಸೇರಿದೆ. ಅಗ್ಗ, ಬೆಸುಗೆ ಕಡಿಮೆ, ನಮ್ಮ ಆಷಾಢದ ಶೀತಕ್ಕೆ ಕೆಡುವ ಜಾಗವೂ ಕಡಿಮೆ. ಆದರೆ ಯಂತ್ರದ ವಿನ್ಯಾಸ ಮಾಡುವಾಗಲೇ ಕಂಪನಿ ಇನ್ನೊಂದು ತೀರ್ಮಾನವನ್ನೂ ಮಾಡಿರುತ್ತದೆ: ಮಾರಿದ ಮೇಲೆ ಒಳಗಿನ ಪ್ರೋಗ್ರಾಂ ಬದಲಿಸಲು ಬರಬೇಕೇ, ಬಾರದೇ?

ಮತಯಂತ್ರವನ್ನೇ ನೋಡಿ. ಬೆಂಗಳೂರಿನ ಬಿಇಎಲ್ ಮತ್ತು ಹೈದರಾಬಾದಿನ ಇಸಿಐಎಲ್ ಅದನ್ನು ತಯಾರಿಸುತ್ತವೆ. ಅದರ ಪ್ರೋಗ್ರಾಂ ಇರುವುದು ಒಮ್ಮೆ ಮಾತ್ರ ಬರೆಯಬಹುದಾದ ಚಿಪ್‌ನಲ್ಲಿ. ಅಲ್ಲಿ ಅದೇ ಸರಿ. ಹಾಲಿನ ಯಂತ್ರಕ್ಕೆ ಅದು ಒಗ್ಗುವುದಿಲ್ಲ. ದರಪಟ್ಟಿ ಬದಲಾಗುತ್ತದೆ. 2008ರಲ್ಲಿ ಲೀಟರಿಗೆ 2 ರೂಪಾಯಿ ಇದ್ದ ಸರ್ಕಾರದ ಪ್ರೋತ್ಸಾಹಧನ ಮುಂದೆ 5 ರೂಪಾಯಿ ಆಯಿತು, ನೇರ ಬ್ಯಾಂಕ್ ಖಾತೆಗೆ ಬರತೊಡಗಿತು. ಈಗ ಯಾರ ಹಾಲು ಎಷ್ಟು ಎಂಬ ಲೆಕ್ಕ ತಪ್ಪಿಲ್ಲದೆ ಮೇಲೆ ಹೋದರೆ ಮಾತ್ರ ಹಣ. ಫೋನಿನ ಜಾಲವೂ ನಿಂತಲ್ಲಿ ನಿಲ್ಲುವುದಿಲ್ಲ. 2019-20ರಲ್ಲಿ ಏರ್‌ಟೆಲ್ 3ಜಿ ಸೇವೆಯನ್ನು ಹಂತ ಹಂತವಾಗಿ ಮುಚ್ಚಿತು. ಸಿಮ್ಮಿನ ಭಾಗವನ್ನು ಬೋರ್ಡಿಗೇ ಬೆಸೆದು ಮುಗಿಸಿದ ಯಂತ್ರಕ್ಕೆ ಇಂಥ ದಿನ ಬಂದರೆ ಇಡೀ ಬೋರ್ಡೇ ಹೋಯಿತು. ಕಳಚಿ ಹಾಕುವ ಭಾಗವಾದರೆ ಅದೊಂದನ್ನೇ ಬದಲಿಸಿದರಾಯಿತು.

ಇನ್ನು ವ್ಯಾಪಾರದ ಮಾತು. ಪ್ರೋಗ್ರಾಂ ಬದಲಿಸಲು ಬರುವ ಯಂತ್ರ ಕಂಪನಿಗೂ ಲಾಭವೇ. ಒಂದೇ ಬೋರ್ಡ್ ಮಾಡಿ, ಸಣ್ಣ ಸಂಘಕ್ಕೆ ಒಂದು ಪ್ರೋಗ್ರಾಂ, ಶೀತಲೀಕರಣ ಕೇಂದ್ರಕ್ಕೆ ಇನ್ನೊಂದು ಎಂದು ಮಾರಬಹುದು. 2021ರ ಸುಮಾರಿಗೆ ಜಗತ್ತಿನಲ್ಲೆಲ್ಲ ಚಿಪ್ ಅಭಾವವಾದಾಗ, ಒಂದು ಚಿಪ್ ಸಿಗದಿದ್ದರೆ ಇನ್ನೊಂದನ್ನು ಹಾಕಿ ಪ್ರೋಗ್ರಾಂ ಹೊಂದಿಸಿಕೊಳ್ಳಬಲ್ಲವರು ಬೇಗ ಸುಧಾರಿಸಿಕೊಂಡರು. ಒಳಗಿನ ಜೋಡಣೆಯನ್ನೇ ಬದಲಿಸಬಹುದಾದ ಎಫ್‌ಪಿಜಿಎ ಎಂಬ ಚಿಪ್‌ಗಳೂ ಇವೆ, ನಮ್ಮ ಹಾಲಿನ ಡಬ್ಬಿಗೆ ಅಷ್ಟು ದುಬಾರಿಯದು ಬೇಡ. ನಾವು ಎಚ್ಚರವಾಗಿರಬೇಕಾದದ್ದು ಬೀಗದ ಕೈ ಯಾರ ಹತ್ತಿರ ಉಳಿಯುತ್ತದೆ ಎಂಬಲ್ಲಿ. ಯಂತ್ರ ಅಗ್ಗಕ್ಕೆ ಕೊಟ್ಟು, ಆಮೇಲೆ ದರಪಟ್ಟಿ ಬದಲಾದಾಗಲೆಲ್ಲ, ಅಳತೆ ಸರಿಪಡಿಸಬೇಕಾದಾಗಲೆಲ್ಲ ದುಡ್ಡು ಕೀಳುವವರು ಇದ್ದಾರೆ. ನಾನು ಹೋಗುವ ಒಂದು ಸಂಘದಲ್ಲಿ ಪಾಸ್‌ವರ್ಡ್ ಕಂಪನಿಯ ಹುಡುಗನ ಹತ್ತಿರ ಮಾತ್ರ ಇತ್ತು. ಅವನು ಕೆಲಸ ಬಿಟ್ಟ. ಯಂತ್ರ ಕೆಟ್ಟಿರಲಿಲ್ಲ, ಆದರೆ ಅದನ್ನು ಮುಟ್ಟುವವರಿರಲಿಲ್ಲ.

ಒಂದು ಲೆಕ್ಕ ಹಾಕಿ. ದಿನಕ್ಕೆ 100 ಲೀಟರ್ ಹಾಲು ಬರುವ ಸಣ್ಣ ಸಂಘ. ಮುಂದೆ ಬದಲಿಸಬಹುದಾದ ಯಂತ್ರಕ್ಕೆ 10,000 ರೂಪಾಯಿ ಹೆಚ್ಚು ಎಂದಿಟ್ಟುಕೊಳ್ಳಿ. ಆರು ವರ್ಷದಲ್ಲಿ 2,19,000 ಲೀಟರ್ ಹಾಲು ಅದರ ಮೂಲಕ ಹೋಗುತ್ತದೆ. ಹೆಚ್ಚುವರಿ ಖರ್ಚು ಲೀಟರಿಗೆ ಐದು ಪೈಸೆಗೂ ಕಡಿಮೆ. ಫ್ಯಾಟ್ 0.1 ಕಡಿಮೆ ತೋರಿದರೆ ಎಷ್ಟು ಹೋಗುತ್ತದೆ ಎಂದು ನಿಮ್ಮ ದರಪಟ್ಟಿಯಲ್ಲೇ ನೋಡಿಕೊಳ್ಳಿ.

ಪಶುವೈದ್ಯನಾಗಿ ನನಗೆ ಇದರಲ್ಲಿ ಇನ್ನೂ ಎರಡು ಆಸೆಗಳಿವೆ. ಒಂದು, ನಮ್ಮ ಮಲೆನಾಡು ಗಿಡ್ಡ. ಯಂತ್ರಗಳಲ್ಲಿ ಸಾಮಾನ್ಯವಾಗಿ ಹಸು, ಎಮ್ಮೆ, ಮಿಶ್ರ ಎಂದು ಮೂರು ಅಳತೆಗಳಿರುತ್ತವೆ. ಹಸು ಎಂದರೆ ಹೆಚ್ಚಾಗಿ ಎಚ್‌ಎಫ್, ಜರ್ಸಿ ಮಿಶ್ರತಳಿಯನ್ನು ನೋಡಿ ಹೊಂದಿಸಿದ್ದು. ಗಿಡ್ಡದ ಹಾಲಿನ ಗುಣ ಬೇರೆ. ಗರ್ಬರ್ ಜೊತೆ ತಾಳೆ ನೋಡಿ ಅದಕ್ಕೊಂದು ಅಳತೆ ಸೇರಿಸಿಕೊಳ್ಳಬಹುದು, ಯಂತ್ರ ಒಪ್ಪಿದರೆ. ಇನ್ನೊಂದು, ಕೆಚ್ಚಲು ಬಾವು. ಬಾವು ಕಣ್ಣಿಗೆ ಕಾಣುವ ಮೊದಲೇ ಹಾಲಿನಲ್ಲಿ ಸೋಡಿಯಂ, ಕ್ಲೋರೈಡ್ ಹೆಚ್ಚಾಗಿ ವಿದ್ಯುತ್ ಹರಿಯುವುದು ಸುಲಭವಾಗುತ್ತದೆ. ಕೆಲವು ಯಂತ್ರಗಳಲ್ಲಿ ಇದನ್ನು ಅಳೆಯುವ ಕಡ್ಡಿ ಈಗಲೇ ಇದೆ. ದೊಡ್ಡ ಡೇರಿಯಲ್ಲಿ ಐವತ್ತು ದನದ ಹಾಲು ಸೇರಿ ಇಂಥ ಅಂಕಿ ಅರ್ಥ ಕಳೆದುಕೊಳ್ಳುತ್ತದೆ. ನಿಮ್ಮಲ್ಲಿ ಬಹಳ ಜನರದ್ದು ಒಂದೋ ಎರಡೋ ದನ. ಹಾಗಾಗಿ ನಿಮ್ಮ ಕ್ಯಾನಿನ ಹಾಲಿನ ಅಂಕಿ ಎಂದರೆ ಹತ್ತಿರ ಹತ್ತಿರ ಆ ದನದ್ದೇ ಅಂಕಿ. ವಾರದ ಸರಾಸರಿಗಿಂತ ಏರಿದರೆ ಚೀಟಿಯಲ್ಲಿ ಒಂದು ನಕ್ಷತ್ರ ಮುದ್ರಿಸುವಂತೆ ಪ್ರೋಗ್ರಾಂ ಬರೆಯುವುದು ದೊಡ್ಡ ವಿದ್ಯೆಯೇನಲ್ಲ. ಮೊಲೆ ಕಲ್ಲಾದ ಮೇಲೆ ನನಗೆ ಫೋನ್ ಬರುವುದರ ಬದಲು ನಾಲ್ಕು ದಿನ ಮೊದಲು ಬರಬಹುದು. ಹಾಗೆಂದು ನಕ್ಷತ್ರ ಕಂಡ ಕೂಡಲೇ ಔಷಧಿ ಅಂಗಡಿಗೆ ಓಡಬೇಡಿ, ಮೊದಲು ಸಿಎಂಟಿ ಪರೀಕ್ಷೆ ಆಗಲಿ.

"ಬದಲಿಸಲು ಬರುತ್ತದೆ ಅಂದರೆ ಮೋಸ ಮಾಡಲೂ ಬರುತ್ತದೆ" ಎನ್ನುವವರಿದ್ದಾರೆ. ಅವರ ಮಾತು ತಳ್ಳಿಹಾಕುವಂಥದ್ದಲ್ಲ. ತಕ್ಕಡಿಗೆ ಸರ್ಕಾರದ ಮುದ್ರೆ ಬೀಳುವ ಹಾಗೆ ಇಲ್ಲಿಯೂ ಒಂದು ಕಟ್ಟಳೆ ಬೇಕು. ಪ್ರೋಗ್ರಾಂ ಬದಲಿಸುವಾಗ ಒಕ್ಕೂಟದ ಸಿಬ್ಬಂದಿ ಇರಬೇಕು, ಪುಸ್ತಕದಲ್ಲಿ ದಿನಾಂಕ ಮತ್ತು ಸಹಿ ಬೀಳಬೇಕು, ಅದೇ ದಿನ ಕೆಲವು ಮಾದರಿಗಳನ್ನು ಗರ್ಬರ್‌ನಲ್ಲಿ ನೋಡಬೇಕು. ಪ್ರೋಗ್ರಾಂನ ಆವೃತ್ತಿ ಸಂಖ್ಯೆ ನಿಮ್ಮ ಹಾಲಿನ ಚೀಟಿಯ ಮೇಲೇ ಮುದ್ರಣವಾಗಲಿ. ನಿನ್ನೆ ಇದ್ದ ಸಂಖ್ಯೆ ಇಂದು ಬೇರೆಯಾದರೆ ಯಾರು ಬೇಕಾದರೂ ಕೇಳಬಹುದು.

ಈ ಪತ್ರಿಕೆ ಒಕ್ಕೂಟದ್ದೇ ಆದರೂ ಹೇಳಿಬಿಡುತ್ತೇನೆ, ಇದನ್ನು ಒಂದೊಂದು ಹಳ್ಳಿ ಸಂಘದ ತಲೆಗೆ ಕಟ್ಟುವುದು ಸರಿಯಲ್ಲ. ಒಂದು ಯಂತ್ರ ಕೊಳ್ಳುವವರ ಷರತ್ತನ್ನು ಯಾವ ಕಂಪನಿಯೂ ಕೇಳುವುದಿಲ್ಲ. ನೂರಾರು ಸಂಘಗಳ ಪರವಾಗಿ ಟೆಂಡರ್ ಕರೆಯುವ ಒಕ್ಕೂಟ ಕೇಳಿದರೆ ಕೇಳುತ್ತದೆ. ಎಷ್ಟು ವರ್ಷ ಪ್ರೋಗ್ರಾಂ ಕೊಡುತ್ತೀರಿ, ಪ್ರತಿ ಬದಲಾವಣೆಗೆ ಎಷ್ಟು ದರ, ಪಾಸ್‌ವರ್ಡ್ ಒಕ್ಕೂಟಕ್ಕೂ ಸಿಗುತ್ತದೆಯೇ, ಕಂಪನಿ ಮುಚ್ಚಿದರೆ ನಮ್ಮ ದಾಖಲೆ ಹೊರತೆಗೆಯುವ ದಾರಿ ಯಾವುದು. ಇಷ್ಟು ಬರಹದಲ್ಲಿ ಬರಲಿ.

ಅಲ್ಲಿಯವರೆಗೆ, ನಿಮ್ಮ ಸಂಘದ ವಾರ್ಷಿಕ ಮಹಾಸಭೆಯ ವಿಷಯಸೂಚಿಯಲ್ಲಿ ಯಂತ್ರ ಖರೀದಿ ಇದ್ದರೆ, ಮೂರು ದರಪಟ್ಟಿಗಳ ಜೊತೆ ಈ ಪ್ರಶ್ನೆಗಳಿಗೆ ಬಂದ ಉತ್ತರವನ್ನೂ ಓದಿ ಹೇಳಲು ಕಾರ್ಯದರ್ಶಿಯವರನ್ನು ಕೇಳಿ. ಗರ್ಬರ್ ಕೊಳವೆಗಳು ಅಟ್ಟ ಸೇರಿದ್ದರೆ ಅವನ್ನೂ ಕೆಳಗಿಳಿಸಿ.