ದಾದಿಯ ಕೈ ನಡುಕ, ಮೊಮ್ಮಗಳ ಸಂಬಂಧ

ಚಾಮರಾಜನಗರದಿಂದ ಬಂದಿದ್ದ ಒಳ್ಳೆಯ ಸಂಬಂಧವೊಂದು ಗುಂಡ್ಲುಪೇಟೆಯ ಮನೆಯೊಂದರಲ್ಲಿ ಮುರಿದುಬಿತ್ತು. ಹುಡುಗಿ ಓದಿದವಳು, ಗುಣವಂತೆ. ನೋಡಿ ಹೋದವರು ಹೇಳಿ ಕಳಿಸಿದ್ದು ಒಂದೇ ಮಾತು: "ಅವಳ ದಾದಿಗೆ ಕೈ ನಡುಗುತ್ತದೆ, ವಂಶದ ಕಾಯಿಲೆ." ಅದು ಪಾರ್ಕಿನ್ಸನ್ ಕಾಯಿಲೆಯೇ ಎಂದು ಎರಡೂ ಕಡೆಯವರು ಯಾವ ವೈದ್ಯರನ್ನೂ ಕೇಳಿರಲಿಲ್ಲ. ನಡುಕಕ್ಕೆ ಥೈರಾಯ್ಡ್ ಸಹ ಕಾರಣವಾಗಬಹುದು, ಕೆಲವು ಮಾತ್ರೆಗಳೂ ಕಾರಣವಾಗಬಹುದು.

ಪಾರ್ಕಿನ್ಸನ್‌ನಲ್ಲಿ ಮೆದುಳಿನಲ್ಲಿ ಡೋಪಮಿನ್ ತಯಾರಿಸುವ ಜೀವಕೋಶಗಳು ಸಾಯುತ್ತಾ ಹೋಗುತ್ತವೆ. ಬದುಕಿರುವವರ ಮೆದುಳನ್ನು ಬಿಚ್ಚಿ ನೋಡುವಂತಿಲ್ಲ, ಆದ್ದರಿಂದ ವಿಜ್ಞಾನಿಗಳು ಇಲಿಗಳನ್ನು ಬಳಸುತ್ತಾರೆ. ಕ್ಯಾಲಿಫೋರ್ನಿಯಾದಲ್ಲಿ ಕಲಬೆರಕೆ ಮಾದಕವಸ್ತು ಚುಚ್ಚಿಕೊಂಡ ಕೆಲವು ಯುವಜನರು ಮರದಂತೆ ಬಿಗಿದುಹೋಗಿದ್ದರು. ಅದರಲ್ಲಿದ್ದ ಎಂಪಿಟಿಪಿ ಎಂಬ ವಿಷ ಇದಕ್ಕೆ ಕಾರಣವೆಂದು 1983ರಲ್ಲಿ ಪ್ರಕಟವಾಯಿತು. ಅದೇ ವಿಷವನ್ನು ಇಲಿಗಳಿಗೆ ಕೊಟ್ಟು ನೋಡಿದಾಗ ಎಲ್ಲ ತಳಿಯ ಇಲಿಗಳೂ ಒಂದೇ ರೀತಿ ಕಾಯಿಲೆ ಬೀಳಲಿಲ್ಲ.

ಈ ವಿಷಯದಲ್ಲಿ ನಮ್ಮ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಒಳ್ಳೆಯ ಕೆಲಸ ನಡೆದಿದೆ. ಬೆಂಗಳೂರಿನ ಆಂಗ್ಲೋ-ಇಂಡಿಯನ್ನರಲ್ಲಿ ಪಾರ್ಕಿನ್ಸನ್ ಕಡಿಮೆ ಎಂಬುದು 2003ರ ಅಧ್ಯಯನದಲ್ಲಿ ಕಂಡುಬಂದಿತ್ತು. ಎರಡು ಮೂಲಗಳ ರಕ್ತ ಬೆರೆತದ್ದು ಇದಕ್ಕೆ ಕಾರಣವಿರಬಹುದೇ? ಡಾ. ಫಾಲ್ಗುಣಿ ಆನಂದ್ ಅಲ್ಲಾಡಿಯವರ ತಂಡ ವಿಷ ಬೇಗ ತಾಗುವ ಕಪ್ಪು ತಳಿಯನ್ನೂ ತಡೆದುಕೊಳ್ಳುವ ಬಿಳಿ ತಳಿಯನ್ನೂ ಕೂಡಿಸಿತು. ಹುಟ್ಟಿದ ಮರಿಗಳು ವಿಷವನ್ನು ತಡೆದುಕೊಂಡವು. 2017ರಲ್ಲಿ ಇದು ಪ್ರಕಟವಾಯಿತು.

ಇಲಿ ಮನುಷ್ಯನಲ್ಲ, ನಿಜ. ಮನುಷ್ಯರ ಲೆಕ್ಕ ಹೀಗಿದೆ: ಮನೆತನದಲ್ಲಿ ಬೇರೆಯವರಿಗೂ ಕಾಯಿಲೆ ಇರುವುದು ನೂರು ರೋಗಿಗಳಲ್ಲಿ ಸುಮಾರು 10ರಿಂದ 15 ಮಂದಿಗೆ. ಪಾರ್ಕಿನ್ ಎಂಬ ಜೀನ್‌ನಿಂದ ಚಿಕ್ಕ ವಯಸ್ಸಿಗೇ ಬರುವ ಬಗೆಯೊಂದಿದೆ. ತಾಯಿ ತಂದೆ ಇಬ್ಬರಿಂದಲೂ ದೋಷವಿರುವ ಜೀನ್ ಬಂದರೆ ಸಾಮಾನ್ಯವಾಗಿ ಅದು ಕಾಣಿಸಿಕೊಳ್ಳುತ್ತದೆ. ರಕ್ತಸಂಬಂಧದಲ್ಲೇ ಮದುವೆಯಾದರೆ ಆ ಸಾಧ್ಯತೆ ಹೆಚ್ಚು. ದಾದಿಯ ನಡುಕಕ್ಕೆ ಹೆದರಿ ಹೊರಗಿನ ಹುಡುಗಿಯನ್ನು ಬಿಟ್ಟು ಮಾಮುವಿನ ಮಗಳನ್ನೇ ತರುವವರ ಲೆಕ್ಕ ತಲೆಕೆಳಗಾಗಿದೆ ಎನ್ನದೆ ವಿಧಿಯಿಲ್ಲ!

ಇನ್ನು ಗಂಡು ಹೆಣ್ಣಿನ ವಿಷಯ. ತಿರುಗುವ ಕೋಲಿನ ಮೇಲೆ ಇಲಿ ಎಷ್ಟು ಹೊತ್ತು ಬೀಳದೆ ನಿಲ್ಲುತ್ತದೆ ಎಂದು ನೋಡುವ ಪರೀಕ್ಷೆಯಿದೆ. ಹಗುರ ಮೈಯ ಹೆಣ್ಣಿಲಿಗೆ ಅಲ್ಲಿ ಅನುಕೂಲ ಹೆಚ್ಚು. ಆದ್ದರಿಂದ ಗಂಡು ಹೆಣ್ಣನ್ನು ಒಂದೇ ತಕ್ಕಡಿಯಲ್ಲಿ ತೂಗಿದರೆ ಉತ್ತರ ತಪ್ಪಾಗುತ್ತದೆ. ಅಂಡಾಶಯ ತೆಗೆದ ಹೆಣ್ಣಿಲಿಗಳಿಗೆ ಈಸ್ಟ್ರೋಜನ್ ಕೊಟ್ಟಾಗ ವಿಷದ ಹಾನಿ ಕಡಿಮೆಯಾದದ್ದೂ ಕಂಡಿದೆ. ಆದರೂ ಬಹುಕಾಲ ಪ್ರಯೋಗಗಳಿಗೆ ಹೆಚ್ಚಾಗಿ ಬಳಸಿದ್ದು ಗಂಡಿಲಿಗಳನ್ನೇ.

ಮನುಷ್ಯರಲ್ಲಿ ಗಂಡಸರಿಗೆ ಈ ಕಾಯಿಲೆ ಹೆಂಗಸರಿಗಿಂತ ಸುಮಾರು ಒಂದೂವರೆ ಪಟ್ಟು ಹೆಚ್ಚು. ಇದರಿಂದಾಗಿ 'ಗಂಡಸರ ಕಾಯಿಲೆ' ಎಂಬ ಭಾವನೆ ಬೇರೂರಿ, ಹೆಂಗಸರು ತಜ್ಞರ ಬಳಿಗೆ ತಡವಾಗಿ ತಲುಪುವುದೂ ಇದೆ. ಸಹೋದರಿಯರೇ, ಅಮ್ಮಿ ರೊಟ್ಟಿ ತಟ್ಟುವುದು ನಿಧಾನವಾಗಿದ್ದರೆ, ನಡೆಯುವಾಗ ಒಂದು ಕೈ ಬೀಸದಿದ್ದರೆ, ಒಗ್ಗರಣೆಯ ವಾಸನೆ ತಿಳಿಯದಿದ್ದರೆ, ಅಕ್ಷರ ಸಣ್ಣದಾಗುತ್ತಾ ಹೋದರೆ 'ವಯಸ್ಸಾಯಿತು' ಎಂದು ಬಿಡಬೇಡಿ. ಚಾಮರಾಜನಗರದಲ್ಲಿ ಸರಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಿದೆ. ಹೋಗುವಾಗ ಅವರು ನುಂಗುವ ಎಲ್ಲ ಮಾತ್ರೆಗಳನ್ನೂ ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ.